ಹೆಸರು ಹಾಕುವವನ ಕೊಡ

ಪಾತ್ರೆಗಳ ಮೇಲೆ ಹೆಸರು ಕೊರೆಯುವುದು ನನ್ನ ಕೆಲಸವಾಗಿತ್ತು. ಗದಗಿನ ಅಂಗಡಿಯ ಬಾಗಿಲ ಪಕ್ಕ ಮಣೆ ಹಾಕಿಕೊಂಡು, ಮೊದಲು ಉಳಿ ಸುತ್ತಿಗೆಯಿಂದ, ಆಮೇಲೆ ಗುಂಯ್‌ಗುಡುವ ಕರೆಂಟಿನ ಪೆನ್ನಿನಿಂದ ಕೊರೆದೆ. ಬೆನ್ನು ಬಾಗಿದ್ದು, ಕಿವಿ ಮಂದವಾದದ್ದು ಬಿಟ್ಟರೆ ಬೇರೆ ಬಡ್ತಿಯೇನೂ ಸಿಗಲಿಲ್ಲ.

ನಮ್ಮ ಅಂಗಡಿಯಲ್ಲೊಂದು ಪದ್ಧತಿ ಇತ್ತು. ಕೆಲಸ ಬಿಡುವವರಿಗೆ ಮಾಲೀಕರು ಒಂದು ತಾಮ್ರದ ಕೊಡ ಕೊಡುತ್ತಿದ್ದರು, ಅದರ ಮೇಲೆ ಅವರ ಹೆಸರು. ತೂಗುವವರು, ಮಾರುವವರು, ಬಾಗಿಲು ಕಾಯುವವರು, ಎಲ್ಲರ ಹೆಸರನ್ನೂ ನಾನೇ ಕೊರೆದೆ. ನನ್ನ ಸರದಿ ಬಂದಾಗ ಯಾರು ಕೊರೆಯುತ್ತಾರೆ? ಒಮ್ಮೆಯಾದರೂ ನನ್ನ ಹೆಸರನ್ನು ಇನ್ನೊಬ್ಬರು ಕೂತು ಕೊರೆಯಲಿ ಎಂಬುದೊಂದೇ ನನ್ನ ಆಸೆಯಾಗಿತ್ತು.

ಕಳೆದ ವರ್ಷ ಅಂಗಡಿಗೆ ಮೂರಂತಸ್ತಿನ ಹೊಸ ಕಟ್ಟಡ ಬಂತು, ಲಿಫ್ಟು ಬಂತು. ಸಣ್ಣ ಮಾಲೀಕರು, ಅಂದರೆ ಅಂಗಡಿ ಹಾಕಿದವರ ಮೊಮ್ಮಗ, ನನ್ನನ್ನು ಕರೆದರು.

"ಕಾಕಾ, ನಮ್ಮ ಅಂಗಡಿ ಇತಿಹಾಸ ನಿಮಗಷ್ಟ ಗೊತ್ತೈತಿ. ಬರದು ಕೊಡ್ರಿ, ಗ್ವಾಡಿಗೆ ಹಾಕಸ್ತೀನಿ."

ಅದೇ ಉಸಿರಿನಲ್ಲಿ, ಹೊಸ ಕಟ್ಟಡದಲ್ಲಿ ನನ್ನ ಮಣೆಗೆ ಜಾಗವಿಲ್ಲ ಎಂದೂ ಹೇಳಿದರು. "ಈಗ ಯಾರ್ರೀ ಹೆಸರ ಹಾಕಸ್ತಾರ?"

ಬೈದುಕೊಳ್ಳುತ್ತಲೇ ಬರೆದೆ. ಮೊದಲಿಗೆ ತಾಮ್ರ-ಹಿತ್ತಾಳೆಯ ಒಂದು ಗೂಡಂಗಡಿ. ಸ್ಟೀಲು ಬಂದಾಗ ಅಂತೂರ ಬೆಂತೂರದಂಥ ಹಳ್ಳಿಗಳವರು ಅಜ್ಜಿ ಕಾಲದ ಹಂಡೆಗಳನ್ನು ಚಕ್ಕಡಿಯಲ್ಲಿ ತಂದು ಹಾಕಿ, ಹೊಳೆಯುವ ಡಬ್ಬಿ ಒಯ್ದರು. ಆ ಹಂಡೆಗಳನ್ನು ಮಾರಿದ ದುಡ್ಡಿನಿಂದಲೇ ಲಕ್ಷ್ಮೇಶ್ವರದ ಅಂಗಡಿ ಎದ್ದಿತು, ಆಮೇಲೆ ಶಿರಹಟ್ಟಿ, ಆಮೇಲೆ ಮುಂಡರಗಿ. ಕುಕ್ಕರು, ಮಿಕ್ಸರು, ಗಾಜಿನ ತಟ್ಟೆ, ಚಾದರ, ಕೊನೆಗೆ ಸೋಫಾ. ಮದುವೆ ಹಂಗಾಮಿನಲ್ಲಿ ನಾನು ಉಳಿಯ ಚೀಲ ಹೆಗಲಿಗೇರಿಸಿ ಬಸ್ಸಿನಲ್ಲಿ ನಾಲ್ಕೂ ಊರು ಸುತ್ತುತ್ತಿದ್ದೆ.

ಲಕ್ಷ್ಮೇಶ್ವರದಲ್ಲಿ ಒಮ್ಮೆ ಅಡರಕಟ್ಟಿಯ ಸೋದರಮಾವನೊಬ್ಬ ಮದುಮಗಳಿಗೆಂದು ಹಂಡೆ ಕೊಂಡ. ಬಸ್ಸಿನ ನಿದ್ದೆ ಇನ್ನೂ ನನ್ನ ಕಣ್ಣಲ್ಲಿತ್ತು. ಹುಡುಗಿಯ ಹೆಸರಷ್ಟೇ ಕೊರೆದು, ಕೊಟ್ಟವನ ಹೆಸರು ಬಿಟ್ಟುಬಿಟ್ಟೆ. ಮರುದಿನ ಅವನು ಮದುವೆ ಚಪ್ಪರದಿಂದ ಎದ್ದು, ಹಂಡೆ ಹೊತ್ತುಕೊಂಡು ಬಂದ. ತಲೆಯಲ್ಲಿ ಅಕ್ಷತೆ ಹಾಗೇ ಇತ್ತು.

"ಇದನ್ನ ಕೊಟ್ಟಾಂವ ಯಾರಂತ ನಾಳೆ ಮಂದಿಗೆ ಹೆಂಗ ತಿಳಿಬೇಕೋ ಮಾರಾಯಾ? ನಾ ಏನ್ ಲೆಕ್ಕಕ್ಕಿಲ್ಲೇನು?"

ನಗು ತಡೆದುಕೊಂಡು ಕೊರೆದುಕೊಟ್ಟೆ. ಇದನ್ನೂ ಇತಿಹಾಸದಲ್ಲಿ ಬರೆದೆ. ಗೋಡೆಗೆ ಬಂದದ್ದು ಅಜ್ಜ, ಮಗ, ಮೊಮ್ಮಗನ ಮೂರು ಫೋಟೋ, ಕೆಳಗೆ ನಾಲ್ಕು ಸಾಲು.

ಉದ್ಘಾಟನೆಯ ದಿನವೇ ನನ್ನ ಬೀಳ್ಕೊಡುಗೆಯನ್ನೂ ಮುಗಿಸಿದರು. ಶಾಲು ಹೊದಿಸಿ ಕೊಡ ಕೈಗಿಟ್ಟರು. ತಿರುಗಿಸಿ ನೋಡಿದೆ, ಬರೀ ತಾಮ್ರ.

"ಹೆಸರ ನೀವ ಹಾಕ್ಕೋರಿ ಕಾಕಾ. ನಿಮ್ಮಷ್ಟು ಚೊಲೋ ಇನ್ಯಾರ ಹಾಕ್ತಾರ?" ಎಂದರು ಸಣ್ಣ ಮಾಲೀಕರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಹೊಗಳಿದ್ದು ಖರೆ, ಆದರೆ ನನಗೆ ಬಹಳ ಸಂಕಟವಾಯಿತು.

ಬೆಟಗೇರಿಯ ಮನೆಗೆ ತಂದಿಟ್ಟಾಗ ಹೆಂಡತಿ ಗೊಣಗಿದಳು. "ಊರ ಮಂದೀದೆಲ್ಲಾ ಬರದ್ರಿ, ಮನಿ ಕೊಡಕ್ಕ ಹೆಸರಿಲ್ಲ. ನಗ್ತಾರ ನೋಡ್ರಿ."

ಎರಡು ಸಲ ಪೆನ್ನು ತೆಗೆದೆ. ತಾನೇ ಶಾಲು ಹೊದ್ದುಕೊಂಡು ತಾನೇ ಚಪ್ಪಾಳೆ ತಟ್ಟಿಕೊಂಡಂತೆ ಅನ್ನಿಸಿ, ಎರಡೂ ಸಲ ಒಳಗಿಟ್ಟೆ. ದಣಿವೂ ಇತ್ತು.

ಕಳೆದ ತಿಂಗಳು ನಮ್ಮ ಓಣಿಯಲ್ಲಿ ಒಂದು ಮನೆಯ ತೊಟ್ಟಿಲ ಶಾಸ್ತ್ರ. ನೀರು ತುಂಬಿಡಲು ಎಲ್ಲರ ಮನೆಯ ಕೊಡಗಳೂ ಹೋದವು, ನಮ್ಮದೂ ಹೋಯಿತು. ಮರುದಿನ ತೊಳೆದು ರಾಶಿ ಹಾಕಿದ್ದರು. ಹೆಂಗಸರು ಹೆಸರು ಓದಿ ಓದಿ ತಮ್ಮ ತಮ್ಮ ಕೊಡ ಎತ್ತಿಕೊಂಡರು. ಪಕ್ಕದ ಮನೆಯಾಕೆ ನಮ್ಮದನ್ನು ನೇರ ತಂದು ಬಾಗಿಲಲ್ಲಿಟ್ಟಳು.

"ನಮ್ಮದಂತ ಹೆಂಗ ಗೊತ್ತಾತವಾ?" ಎಂದೆ.

"ಓಣ್ಯಾಗಿನ ಎಲ್ಲಾ ಕೊಡಕ್ಕೂ ನೀವ ಹೆಸರ ಹಾಕೀರಿ. ಹೆಸರಿಲ್ಲದ್ದು ಇದೊಂದ ಇತ್ತು. ನಿಮ್ಮದ ಅಲ್ಲೇನ್ರಿ?"

"ಹೌದು, ನಮ್ಮದ" ಎಂದೆ. ಆಕೆ ಹೋದ ಮೇಲೆ ಹೊಸ್ತಿಲಲ್ಲಿ ಕೂತು ಅತ್ತುಬಿಟ್ಟೆ.