ಉಳಿದ ಮೀನುಗಳ ಬಕೆಟ್

ದೋಣಿಯವನ ಹೆಂಡತಿ ಎಂದರೆ ಬೆಟ್ಟದ ಮೇಲಿನ ಆ ಕೆರೆಗೆ ಬರುವವರಿಗೆಲ್ಲ ಗೊತ್ತು. ದೋಣಿಯವನು ತೀರಿಹೋಗಿ ಆರು ವರ್ಷವಾಯಿತು. ಅವನದು ಎಂಥ ಮೆತ್ತನೆಯ ಕರುಳು ಅಂತೀರಿ! ಗಾಳ ಹಾಕಲು ಬರುವ ಪೇಟೆಯವರು ಗಾಳಕ್ಕೆ ಸಿಕ್ಕಿಸಲೆಂದು ಬೆರಳುದ್ದದ ಜೀವಂತ ಮೀನು ತರುತ್ತಿದ್ದರು. ಸಂಜೆ ಉಳಿದದ್ದನ್ನು ಕಲ್ಲಿನ ಮೇಲೆ ಸುರಿದು ಹೋಗುತ್ತಿದ್ದರು. ಇವನಿಗೆ ತಡೆಯುತ್ತಿರಲಿಲ್ಲ. "ಪಾಪ, ಬದುಕ್ಕೊಳ್ಲಿ ಬಿಡೇ" ಎಂದು ಬಕೆಟ್ಟಿಗೆ ತುಂಬಿ ಕೆರೆಗೆ ಬಿಡುತ್ತಿದ್ದ. ಮದುವೆಯಾದ ಹೊಸತರಲ್ಲಿ ಒಮ್ಮೆ ಅವಳನ್ನೂ ಕರೆದುಕೊಂಡು ಮೇಲಿನ ಹೊಂಡಕ್ಕೆ ಹತ್ತಿ, ಅಲ್ಲೂ ಒಂದು ಬಕೆಟ್ ಬಿಟ್ಟಿದ್ದ. ದಾರಿಯುದ್ದಕ್ಕೂ ಬಕೆಟ್ಟಿನ ಹಿಡಿಯ ಒಂದು ಕಡೆ ಅವನ ಕೈ, ಇನ್ನೊಂದು ಕಡೆ ಅವಳದು. ನೆನೆದರೆ ಅವಳಿಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆಗೆಲ್ಲ ಕೆರೆಗೆ ಚಮಚ ಬಿದ್ದರೆ ತಳದಲ್ಲಿ ಹೊಳೆಯುವುದು ಕಾಣುತ್ತಿತ್ತು. ಕಪ್ಪೆಗಳ ಗದ್ದಲದಲ್ಲಿ ಗಂಡಹೆಂಡಿರು ಕೂಗಿಯೇ ಮಾತಾಡಬೇಕು! ಬರಬರುತ್ತಾ ಆ ಪುಟ್ಟ ಮೀನುಗಳು ಹೆಚ್ಚಿ, ಗೊದಮೊಟ್ಟೆಗಳನ್ನೂ, ಪಾಚಿ ತಿಂದು ನೀರು ತಿಳಿಯಾಗಿಡುವ ಸಣ್ಣ ಹುಳುಗಳನ್ನೂ ನುಂಗಿ ನೀರು ಕುಡಿದವು. ಕೆರೆ ಹಸಿರಾಯಿತು, ಕಪ್ಪೆಗಳ ಸದ್ದಡಗಿತು.

ಆ ಮೀನು ತೆಗೆಯಲೆಂದು ಸಂಶೋಧಕಿಯೊಬ್ಬಳು ಮೂರು ಬೇಸಿಗೆಯಿಂದ ಬಲೆ ಹಾಕುತ್ತಿದ್ದಾಳೆ. ಬಲೆಗೆ ಸಿಕ್ಕ ಮೀನು ಬಿಡಿಸಿಕೊಡುವವಳು ದೋಣಿಯವನ ಹೆಂಡತಿಯೇ.

"ಯಾರು ತಂದು ಬಿಟ್ರೋ, ಅಜ್ಜಿ?"

"ಪೇಟೆಯವರು ಕಣಮ್ಮ."

ಮೂರು ವರ್ಷವೂ ಅದೇ ಉತ್ತರ. ಏನು ಮಾಡಿಯಾಳು? ದೋಣಿಕಟ್ಟೆಯಲ್ಲಿ ಅವನ ಹೆಸರಿನ ಹಲಗೆಯಿದೆ, ಕೆಳಗೆ 'ಕೆರೆ ಕಾದವನು' ಎಂದು ಬರೆದಿದೆ.

ಈ ಬೇಸಿಗೆಯ ಕೊನೆಗೆ ಬಲೆ ಖಾಲಿ ಬಂತು. ಸಂಶೋಧಕಿ ಕುಣಿದಾಡಿಬಿಟ್ಟಳು. "ಮುಗೀತು ಅಜ್ಜಿ! ನಾಳೆ ಗಂಟುಮೂಟೆ ಕಟ್ತೀನಿ."

ಅಜ್ಜಿಯ ಕಣ್ಣು ಬೆಟ್ಟ ಹತ್ತುವ ದಾರಿಯತ್ತ ಹೋಯಿತು. ಮೇಲಿನ ಹೊಂಡದ ನೀರು ಹರಿದು ಬರುವುದು ಇಲ್ಲಿಗೇ. ಬಾಯಿ ಬಿಡದಿದ್ದರೆ ಮೀನು ಮತ್ತೆ ಬರುತ್ತವೆ. ಬಿಟ್ಟರೆ ಅವನ ಹೆಸರು ಕೆಡುತ್ತದೆ. ಕೈಯಲ್ಲಿದ್ದ ಬಲೆಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ಕಟ್ಬೇಡ. ಮೇಲಿನ ಹೊಂಡದಲ್ಲೂ ಇವೆ. ಬಿಟ್ಟಿದ್ದು ನಮ್ಮ ಯಜಮಾನ್ರು, ಅಲ್ಲೂ, ಇಲ್ಲೂ. ಕೆಟ್ಟವರಲ್ಲ ಕಣೇ. ಒದ್ದಾಡಿ ಸಾಯೋದನ್ನ ನೋಡಕ್ಕಾಗ್ತಿರಲಿಲ್ಲ ಅವರಿಗೆ."

ಸಂಶೋಧಕಿ ಬಲೆಯನ್ನು ಅಜ್ಜಿಯ ಕೈಯಿಂದ ತೆಗೆದುಕೊಂಡಳು. ಆಮೇಲೆ "ದಾರಿ ಗೊತ್ತಾ ಅಜ್ಜಿ?" ಎಂದಷ್ಟೇ ಕೇಳಿದಳು.

ಗೊತ್ತಿಲ್ಲದೆ ಏನು! ಅಜ್ಜಿ ಒಳಗೆ ಹೋಗಿ ಮೂಲೆಯಲ್ಲಿದ್ದ ಹಳೆಯ ಬಕೆಟ್ ತಂದಳು.

"ಒಂದು ಕಡೆ ನೀನು ಹಿಡ್ಕೋ. ಬರುವಾಗ ತುಂಬಿರುತ್ತೆ, ಒಬ್ಬಳ ಕೈಲಿ ಆಗಲ್ಲ."