ಬ್ಯಾಡಾದ ಬಣ್ಣ
ನವಿ ಪೇಠದ ಸೀರೆ ಅಂಗಡಿಯ ಚನ್ನವೀರಪ್ಪನವರು ಈಚೆಗೆ ಸೆರಗಿಗಿಂತ ಹೆಚ್ಚಾಗಿ ಮೆದುಳನ್ನೇ ಬಿಡಿಸಿ ತೋರಿಸುತ್ತಾರೆ. ಡಾಕ್ಟರ ಮಾತು ಕೇಳಿಬಂದಾಗಿನಿಂದ ಗಿರಾಕಿಗಳಿಗೆ ಬಿಡುಗಡೆಯಿಲ್ಲ: "ಮೊಣಕಾಲಿಗೆ ಬಾವು ಬರ್ತದಲ್ರಿ ಅಕ್ಕಾರ, ಹಂಗ ಮೆದುಳಿನಾಗೂ ಉರಿಯೂತ ಆಗ್ತದ! ಒಳಗಿನ ರಸಾಯನ ಏರುಪೇರಾಗಿ ಕೆಲವರಿಗೆ ಮನಸು ಮಂಕಾಗ್ತದ, ಕೆಲವರಿಗೆ ಮರೆವು ಬರ್ತದ. ನಾಟಕ ಅಲ್ರಿ ಅದು!" ಜರಿ ನೋಡಲು ಬಂದವರು ರಸಾಯನ ಕೇಳಿಕೊಂಡು ಹೋಗುತ್ತಾರೆ. ಆದರೆ ಯಾರಾದರೂ ಸೀರೆ ‘ಬ್ಯಾಡ’ ಎಂದರೆ ಮಾತ್ರ ಇವರು ಮುಖ ಗಂಟಿಕ್ಕುತ್ತಾರೆ. ದಿನಾ ಸಂಜೆ ಹೊಸದೊಂದು ಸೀರೆ ಮನೆಗೊಯ್ದು, ತಿಂಗಳುಗಳಿಂದ ಗೋಡೆಗೆ ಮುಖಮಾಡಿ ಮಲಗಿರುವ ಹೆಂಡತಿ ನೀಲಗಂಗಾಳ ಮುಂದೆ, ಅಂಗಡಿಯಲ್ಲಿ ಮಾಡುವಂತೆ, ತಮ್ಮ ಹೆಗಲಿಗೇ ಸೆರಗು ಹಾಕಿಕೊಂಡು ನಿಲ್ಲುತ್ತಾರೆ. ನಿನ್ನೆ ಮೊದಲ ಸಲ ಆಕೆ ಹೊರಳಿ ನೋಡಿ, "ಈ ಬಣ್ಣ ಬ್ಯಾಡ್ರಿ" ಎಂದಳು. ಇವತ್ತು ಚನ್ನವೀರಪ್ಪನವರು ಇಡೀ ಪೇಠಕ್ಕೆ ಪೇಢೆ ಹಂಚುತ್ತಿದ್ದಾರೆ: "ಬ್ಯಾಡ ಅಂದಳ್ರೀ, ಬ್ಯಾಡ ಅಂದಳು!"