ಅಕಾನೆಯ ಅಗಲ

ಜಪಾನಿನ ಶಿಜುವೊಕಾದಲ್ಲಿ, ಬಿಡಿ ತುಂಡು ಜೋಡಿಸಿ ಕಟ್ಟುವ ಪ್ಲಾಸ್ಟಿಕ್ ಮಾದರಿಗಳ ಯಾವ ಅಂಗಡಿಗೆ ಹೋದರೂ ಮಿಯಾಬೆ ಕಂಪನಿಯ ರೇಸ್ ಕಾರಿನ ಡಬ್ಬಿಗಳು ಕಣ್ಣಿನ ಮಟ್ಟದಲ್ಲಿರುತ್ತಿದ್ದವು, ಒಗಾಸ ಕಂಪನಿಯವು ಮೊಣಕಾಲಿನ ಕೆಳಗೆ. ಇದರಲ್ಲಿ ಅನ್ಯಾಯವೇನೂ ಇರಲಿಲ್ಲ. ಮಿಯಾಬೆಯ ಕಾರಿನ ಎರಡು ತುಂಡುಗಳನ್ನು ಹತ್ತಿರ ತಂದರೆ ಅವು ತಾವಾಗಿಯೇ ಕೂತುಕೊಳ್ಳುತ್ತಿದ್ದವು, ಅಂಟು ಬರೀ ಶಾಸ್ತ್ರಕ್ಕೆ. ಒಗಾಸದ್ದನ್ನು ಕೂರಿಸಲು ಅರ, ಮರಳು ಕಾಗದ, ಬಟ್ಟೆ ಒಣಹಾಕುವ ಕ್ಲಿಪ್ಪು ಎಲ್ಲ ಬೇಕು, ಜೊತೆಗೆ ಕೆಲಸವಿಲ್ಲದ ಎರಡು ಭಾನುವಾರ. ಅಂಚಿಗೆಲ್ಲ ಪ್ಲಾಸ್ಟಿಕ್ಕಿನ ಸಿಪ್ಪೆ ಅಂಟಿರುತ್ತಿತ್ತು. ತಳ ಬಿಸಿಲಿಗೆ ಹಾಕಿದ ಹಪ್ಪಳದಂತೆ ಸೊಟ್ಟಗಿರುತ್ತಿತ್ತು. ಕಾರಣವೂ ಗುಟ್ಟಲ್ಲ. ಅಚ್ಚಿಗೆ ಕಾದ ಪ್ಲಾಸ್ಟಿಕ್ ತುಂಬಿದ ಮೇಲೆ ಮಿಯಾಬೆಯವರು ಅದು ಆರಲು ನಲವತ್ತು ಸೆಕೆಂಡು ಬಿಡುತ್ತಿದ್ದರು. ಒಗಾಸದ ಯಜಮಾನರು ಹದಿನೆಂಟಕ್ಕೇ ಅಚ್ಚು ತೆಗೆಸುತ್ತಿದ್ದರು.

ಆದರೆ ಅದೇ ಒಗಾಸದಲ್ಲಿ, ಅಚ್ಚಿಗಿಂತ ಮೊದಲಿನ ಕೆಲಸಕ್ಕೆ, ಊರಲ್ಲೇ ಸಾಟಿಯಿಲ್ಲದ ಒಬ್ಬನಿದ್ದ. ಹೆಸರು ಶಿರಾತೊರಿ ಕಿಯೋಜಿ. ಅಪ್ಪ ಗೊಂಬೆ ಹಬ್ಬಕ್ಕೆ ಬೆರಳುದ್ದದ ಪೆಟ್ಟಿಗೆ, ಮಂಚ ಮಾಡುತ್ತಿದ್ದವನು. ಮಗ ಅದೇ ಉಳಿಗಳಿಂದ ಮರದಲ್ಲಿ ಕಾರು ಕೆತ್ತುತ್ತಿದ್ದ. ಅವನು ಕೆತ್ತಿದ ಮರದ ಮೂಲವನ್ನು ನೋಡಿಕೊಂಡೇ ಉಕ್ಕಿನ ಅಚ್ಚು ಕೊರೆಯಬೇಕು. ಮಿಯಾಬೆಯಿಂದ ಅವನಿಗೆ ಎರಡು ಸಲ ಕರೆ ಬಂದಿತ್ತು. ಅಪ್ಪ ಸತ್ತಾಗ ಒಗಾಸದ ಯಜಮಾನರು ಮೂರು ದಿನ ಮನೆಯಲ್ಲೇ ನಿಂತು ಎಲ್ಲ ನೋಡಿಕೊಂಡಿದ್ದರೆಂಬ ದಾಕ್ಷಿಣ್ಯಕ್ಕೆ ಅವನು ಹೋಗಲಿಲ್ಲ. ದಾಕ್ಷಿಣ್ಯಕ್ಕೆ ಬಿದ್ದವನ ಕಥೆ ಎಲ್ಲಿ ಮುಗಿಯುತ್ತದೋ ಅಲ್ಲೇ ಇವನದ್ದೂ ಮುಗಿಯಿತು.

ಎಪ್ಪತ್ತೈದನೆಯ ಇಸವಿಯ ಶರತ್ಕಾಲದಲ್ಲಿ ಯಜಮಾನರು ಅವನನ್ನು ಫುಜಿಯ ರೇಸ್ ಮೈದಾನಕ್ಕೆ ಕಳಿಸಿದರು. ಅಲ್ಲಿ ಅಕಾನೆ ಎಂಬ ಕೆಂಪು ಕಾರು ಆ ವರ್ಷ ದೊಡ್ಡ ತಂಡಗಳ ಬೆವರಿಳಿಸಿತ್ತು. ಅದನ್ನು ಕಟ್ಟಿದವನು ನುಕುಯಿ ಎಂಬ ಮೆಕ್ಯಾನಿಕ್, ನಕ್ಷೆ ಬರೆಯಲು ಬಾರದವನು. ಕಿಯೋಜಿ ಟೇಪು ಬಿಚ್ಚುತ್ತಿದ್ದಂತೆ ಅವನು ಗುರಾಯಿಸಿದ.

"ಅದನ್ನ ಒಳಗಿಡ್ರಿ. ನಾನೇನು ಟೇಪ್ ಹಿಡ್ಕೊಂಡು ಕಟ್ಟಿದ್ನಾ? ಗೇಣು ಹಾಕಿ ಕಟ್ಟಿದ್ದು. ಮೊದ್ಲು ಕೈಯಲ್ಲಿ ಅಳೀರಿ, ಆಮೇಲೆ ಬೇಕಾದ್ರೆ ಟೇಪು."

ಇಬ್ಬರೂ ಕಾರಿನ ಹಿಂಬದಿಯ ಅಂಚಿನ ಮೇಲೆ ಗೇಣು ಹಾಕುತ್ತ ಎಡದಿಂದ ಬಲಕ್ಕೆ ನಡೆದರು. ಒಂಬತ್ತು ಗೇಣು. ಒಂದು ಉಗುರಿನಷ್ಟೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಇಬ್ಬರ ಕೈಗಳೂ ಒಂದೇ ಅಳತೆಯವು ಎಂದು ಆಗ ಗೊತ್ತಾಯಿತು. ನುಕುಯಿಗೆ ಅದು ಎಷ್ಟು ಹಿಡಿಸಿತೆಂದರೆ, ಕಪ್ಪು ಸಾರಿನಲ್ಲಿ ಬೆಂದ ಮೀನಿನ ವಡೆ ತನ್ನ ಡಬ್ಬಿಯಿಂದಲೇ ತೆಗೆದುಕೊಟ್ಟ.

"ಇವಳು ನನ್ನ ಮಗಳಿದ್ದ ಹಾಗೆ ಕಣ್ರೀ. ಮೂಗು ಸೊಟ್ಟ ಮಾಡಿ ಮಾರ್ಬೇಡಿ."

"ಹೇಗಿದ್ದಾಳೋ ಹಾಗೇ ಬರ್ತಾಳೆ, ನುಕುಯಿ-ಸಾನ್. ನಾನಿದ್ದೀನಿ."

ಹಾಗೇ ಕೆತ್ತಿದ ಕೂಡ. ನಿಜವಾದ ಕಾರಿನ ಇಪ್ಪತ್ತನಾಲ್ಕರಲ್ಲಿ ಒಂದು ಪಾಲಿನ ಅಕಾನೆ, ಹದಿನಾರು ವಾರದ ಕೆಲಸ. ಮೇಜಿನ ಮೇಲಿಟ್ಟಾಗ ಅಚ್ಚು ಕೊರೆಯುವವರೂ ಬಂದು ಸುಮ್ಮನೆ ನಿಂತು ನೋಡಿ ಹೋದರು. ಯಜಮಾನರು ಮಾತ್ರ ಜೇಬಿನಿಂದ ಎರಡು ಬ್ಯಾಟರಿ ಸೆಲ್ ತೆಗೆದು ಅದರ ಪಕ್ಕ ಇಟ್ಟರು. ಆ ಕಾಲದ ಪ್ಲಾಸ್ಟಿಕ್ ಕಾರುಗಳು ಓಡಬೇಕಿತ್ತು. ಒಳಗೆ ಪುಟ್ಟ ಮೋಟಾರು, ಪಕ್ಕದಲ್ಲಿ ಎರಡು ಸೆಲ್. ಓಡದ ಕಾರನ್ನು ಯಾರೂ ಮೂಸುತ್ತಿರಲಿಲ್ಲ.

"ಒಳಗೆ ಎರಡು ಸೆಲ್ ಹಿಡಿಸಲ್ವಲ್ಲೋ ಕಿಯೋ."

"ಒಂದೇ ಸೆಲ್ ಹಾಕಿದ್ರೆ ಹಿಡಿಸುತ್ತೆ, ಯಜಮಾನ್ರೇ."

"ಒಂದೇ ಸೆಲ್ ಹಾಕಿದ್ರೆ ರೇಸ್ ಕಾರು ಹೋಗಲ್ಲ, ಶವಯಾತ್ರೆ ಹೋಗುತ್ತೆ. ನಾಲ್ಕೇ ನಾಲ್ಕು ಮಿಲಿಮೀಟರು ಅಗಲ ಮಾಡು. ಯಾರು ಗೇಣು ಹಾಕಿ ನೋಡ್ತಾರೆ?"

ಕಿಯೋಜಿ ಎರಡು ದಿನ ಉಳಿ ಮುಟ್ಟಲಿಲ್ಲ. ಮೂರನೆಯ ದಿನ ಸಣ್ಣ ಗರಗಸ ತೆಗೆದುಕೊಂಡು ಅಕಾನೆಯನ್ನು ಮೂಗಿನಿಂದ ಬಾಲದವರೆಗೆ ನಡುವೆ ಸೀಳಿದ. ಎರಡು ಹೋಳಿನ ಮಧ್ಯೆ ನಾಲ್ಕು ಮಿಲಿಮೀಟರಿನ ಹಿನೋಕಿ ಮರದ ಪಟ್ಟಿಯಿಟ್ಟು ಅಂಟಿಸಿದ. ಆಮೇಲೆ ಯಜಮಾನರು, ಕಿಯೋಜಿ ಫುಜಿಯಲ್ಲಿ ಬರೆದುಕೊಂಡಿದ್ದ ಅಳತೆಯ ಹಾಳೆಯನ್ನೂ ಹೊಸದಾಗಿ ಬರೆಸಿದರು, ಹಾಳೆಯೂ ಅಚ್ಚೂ ಬೇರೆಬೇರೆ ಹೇಳಬಾರದಲ್ಲ. ಹೊಸ ಹಾಳೆಯಲ್ಲಿ ನಿಜವಾದ ಕಾರೇ ಅರ್ಧ ಗೇಣು ಅಗಲವಾಯಿತು. ಹಳೆಯ ಹಾಳೆ ಸ್ಟೌವಿಗೆ ಹೋಯಿತು. ಹೊಸದರ ಕೆಳಗೆ 'ಮೈದಾನದಲ್ಲಿ ಖುದ್ದು ಅಳೆದದ್ದು' ಎಂದು ಬರೆದು ಕಿಯೋಜಿ ತನ್ನ ಮುದ್ರೆ ಒತ್ತಿದ. ಬೇರೆಯವರು ಒತ್ತಿದ್ದಲ್ಲ, ಅವನೇ.

ಡಬ್ಬಿ ಅಂಗಡಿಗೆ ಬಂದ ತಿಂಗಳಲ್ಲೇ ನುಕುಯಿಯಿಂದ ಒಂದು ಕಾರ್ಡು ಬಂತು. 'ಮಗು ದುಂಡಗೆ ಚೆನ್ನಾಗಿದೆ. ಆದರೆ ನಮ್ಮದಲ್ಲ.' ಅಷ್ಟೇ. ಕಿಯೋಜಿ ಕಾರ್ಡನ್ನು ಉಳಿಗಳ ಡ್ರಾಯರಿನಲ್ಲಿಟ್ಟ. ದಿನಾ ಬೆಳಿಗ್ಗೆ ಉಳಿ ತೆಗೆಯುವಾಗ ಅದು ಕಾಣುತ್ತಿತ್ತು.

ನಿಜವಾದ ಅಕಾನೆ ಮರುವರ್ಷ ಗುಜರಿಗೆ ಹೋಯಿತು. ತಂಡ ಒಡೆದಿತ್ತು, ಅದರ ಮೈಯನ್ನು ಅಲ್ಯುಮಿನಿಯಂ ಕರಗಿಸುವವರು ಬಂದು ಹೊತ್ತೊಯ್ದರು. ಉಳಿದದ್ದು ಒಗಾಸದ ಡುಮ್ಮಿ ಒಂದೇ. ಎಂಬತ್ತರ ದಶಕದಲ್ಲಿ ಮೋಟಾರಿನ ಹುಚ್ಚು ಇಳಿದು, ಜನ ಕಾರನ್ನು ಕಪಾಟಿನಲ್ಲಿಟ್ಟು ನೋಡಲು ಕೊಳ್ಳತೊಡಗಿದಾಗ ಕಿಯೋಜಿ ಯಜಮಾನರ ಮುಂದೆ ಹೋಗಿ ನಿಂತ. ಈಗಲಾದರೂ ಸರಿ ಮಾಡೋಣ ಎಂದ. ಯಜಮಾನರಿಗೂ ಮನಸ್ಸಿಲ್ಲದೆ ಇರಲಿಲ್ಲ.

"ಉಕ್ಕು ಕೆರೀಬಹುದು ಕಣೋ, ಬೆಳೆಸಕ್ಕಾಗುತ್ತಾ? ಅಚ್ಚು ಕೆರೆದಷ್ಟೂ ಕಾರು ದಪ್ಪ ಆಗುತ್ತೆ ಹೊರತು ಸಣ್ಣ ಆಗಲ್ಲ. ನಿನಗೆ ನಾನು ಹೇಳ್ಬೇಕಾ?"

ಹೇಳಬೇಕಿರಲಿಲ್ಲ. ಆ ಅಚ್ಚು ಇನ್ನೂ ಇಪ್ಪತ್ತೈದು ವರ್ಷ ಡುಮ್ಮಿಯರನ್ನು ಹೆರುತ್ತಲೇ ಇತ್ತು. ಡಬ್ಬಿಯ ಚಿತ್ರ ಮಾತ್ರ ಬದಲಾಗುತ್ತಿತ್ತು. ಕೊನೆಗೆ ಒಗಾಸ ಮುಚ್ಚಿದ ದಿನ ಎಲ್ಲರೂ ಒಂದೊಂದು ನೆನಪಿನ ಸಾಮಾನು ಎತ್ತಿಕೊಂಡರು. ಕಿಯೋಜಿ ಮರದ ಅಕಾನೆಯನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದ.

ಕಿಯೋಜಿಗೆ ಎಪ್ಪತ್ತು ದಾಟಿದ ಮೇಲೆ ಮಿಯಾಬೆ ಕಂಪನಿಯಿಂದ ಕೊಯಿದೆ ಎಂಬ ಹೆಂಗಸು ಸಿಹಿ ಡಬ್ಬಿ ಹಿಡಿದು ಮನೆಗೆ ಬಂದಳು. ಅಲ್ಲಿ ಹೊಸ ಮಾದರಿಗಳ ಮುಖ್ಯಸ್ಥೆ. ಚಹಾ ಮುಟ್ಟುವ ಮೊದಲೇ ಸುದ್ದಿ ಹೇಳಿದಳು.

"ಅಕಾನೆ ಸಿಕ್ಕಿದೆ, ಶಿರಾತೊರಿ-ಸಾನ್. ಗೊತೆಂಬಾದಲ್ಲಿ ವಾಶಿಜು ಅಂತ ಹಲ್ಲಿನ ಡಾಕ್ಟರು, ಅವರ ಹತ್ರ. ಎಂಜಿನ್ನೂ ಚಕ್ರಾನೂ ಮೂಲದ್ದೇ. ಮೈ ಮಾತ್ರ ಹೊಸದಾಗಿ ಕಟ್ಟಿಸಿದಾರೆ. ಲೇಸರಲ್ಲಿ ಅಳೆದ್ವಿ. ಈ ಮೇ ತಿಂಗಳ ಪ್ರದರ್ಶನಕ್ಕೆ ನಮ್ಮ ಕಿಟ್ ಬರುತ್ತೆ."

"ಮೈ ಕಟ್ಟಿಸಿದ್ದು... ಏನು ನೋಡ್ಕೊಂಡು?"

"ನಿಮ್ಮ ಹಾಳೆ ನೋಡ್ಕೊಂಡೇ ಅಲ್ವಾ. ಒಗಾಸದ ಕಾಗದಪತ್ರದಲ್ಲಿ ಸಿಕ್ತಂತೆ, ನಿಮ್ಮ ಮುದ್ರೆ ಇತ್ತು. ನಮ್ಮ ಲೇಸರಿಗೂ ನಿಮ್ಮ ಹಾಳೆಗೂ ಕೂದಲೆಳೆಯಷ್ಟು ವ್ಯತ್ಯಾಸ ಇಲ್ಲ. ಒಗಾಸದ ಕಾರನ್ನ ಡುಮ್ಮಿ ಡುಮ್ಮಿ ಅಂತ ನಲವತ್ತು ವರ್ಷ ನಕ್ಕೋರೆಲ್ಲ ಈಗ ಬಾಯಿ ಮುಚ್ಚಿದಾರೆ."

ಹಾಳೆಯಿಂದ ಕಾರು, ಆ ಕಾರನ್ನು ಅಳೆದರೆ ಮತ್ತೆ ಅದೇ ಹಾಳೆ! ಕಿಯೋಜಿ ಎದ್ದು ಒಳಗಿನಿಂದ ಮರದ ಅಕಾನೆ ತಂದು ಅವಳ ಮುಂದಿಟ್ಟ. ನಡುವೆ ತಿಳಿ ಬಣ್ಣದ ಪಟ್ಟಿ ಈಗಲೂ ಎದ್ದು ಕಾಣುತ್ತಿತ್ತು.

"ಇದನ್ನ ನೋಡಮ್ಮ. ಈ ಪಟ್ಟಿ ಆಮೇಲೆ ಸೇರ್ಸಿದ್ದು. ನಾನೇ. ಬ್ಯಾಟರಿ ಹಿಡಿಸ್ಲಿ ಅಂತ."

ಅವಳು ಎರಡು ಕೈಯಲ್ಲೂ ಎತ್ತಿ ಬೆಳಕಿಗೆ ಹಿಡಿದಳು. ಅವಳ ಕಣ್ಣು ನಿಜಕ್ಕೂ ಒದ್ದೆಯಾಯಿತು.

"ಮೊದಲು ಸಣ್ಣಗೆ ಕೆತ್ತಿಬಿಟ್ಟಿದ್ರಿ, ತಪ್ಪು ಗೊತ್ತಾದ ಮೇಲೆ ಸೀಳಿ ಸರಿ ಮಾಡಿದ್ರಿ. ನಾಲ್ಕು ಮಿಲಿಮೀಟರಿಗೋಸ್ಕರ ಇಷ್ಟು ದುಡಿಯೋರು ಈಗ ಎಲ್ಲಿದಾರೆ?"

"ಅಲ್ಲಮ್ಮ. ಮೊದಲಿನದೇ ಸರಿ. ನಾನು ಕೆಡಿಸಿದ್ದು."

"ನೀವು ಹಾಗೇ ಅನ್ನೋದು. ನಮ್ಮ ತಾತನೂ ಹಾಗೇ, ಹೊಗಳಿದ್ರೆ ಏನೂ ಗೊತ್ತಿಲ್ಲದವನು ನಾನು ಅಂತಿದ್ರು."

ಹೊಗಳಿದಾಗ 'ಇಲ್ಲ, ಇಲ್ಲ' ಎನ್ನುವುದು ಆ ಊರಿನ ಮರ್ಯಾದೆ. ಮೂರು ಸಲ ಇಲ್ಲ ಅಂದರೆ ಮೂರು ಪಟ್ಟು ದೊಡ್ಡ ಮನುಷ್ಯ. ಕಿಯೋಜಿ ಐದು ಸಲ ಅಂದ. ಪ್ರತಿ ಸಲವೂ ಅವಳು ಇನ್ನಷ್ಟು ಬಾಗಿ ನಮಸ್ಕರಿಸಿದಳು. ಹೋಗುವಾಗ, ಪ್ರದರ್ಶನಕ್ಕೆ ನುಕುಯಿ-ಸಾನ್ ಕೂಡ ಬರುತ್ತಾರೆ, ಎಂಬತ್ತೆಂಟು ವರ್ಷ, ಎರಡೂ ಕಣ್ಣು ಹೋಗಿವೆ, ಕಾರು ಸಿಕ್ಕಿದ ಸುದ್ದಿ ಕೇಳಿ ಅತ್ತುಬಿಟ್ಟರು ಎಂದು ಹೇಳಿದಳು.

ಅವನೊಬ್ಬನಿಗಾದರೂ ಹೇಳಲೇಬೇಕು ಎಂದು ಕಿಯೋಜಿ ನಿರ್ಧರಿಸಿದ. ಜಗತ್ತು ನಂಬದಿದ್ದರೆ ಬೇಡ. ಆ ಒಂಬತ್ತು ಗೇಣು ಬಲ್ಲವನು ನಂಬಿದರೆ ಸಾಕು. ಪ್ರದರ್ಶನದ ದಿನ ಮರದ ಅಕಾನೆಯನ್ನು ಚೀಲದಲ್ಲಿ ಹಾಕಿಕೊಂಡು ಹೋದ. ದೊಡ್ಡ ಸಭಾಂಗಣದ ನಡುವೆ ಕೆಂಪು ಕಾರು ನಿಂತಿತ್ತು. ಮಿಯಾಬೆಯ ಹೊಸ ಕಿಟ್ ಪಕ್ಕದ ಗಾಜಿನೊಳಗಿತ್ತು. ಒಂದು ಸಿಪ್ಪೆಯಿಲ್ಲ, ಒಂದು ಸೊಟ್ಟಿಲ್ಲ, ಬಾಗಿಲಿನ ಗೆರೆ ಕೂದಲಿನಷ್ಟು ಸಣ್ಣ. ಅಷ್ಟು ಚೆಂದದ ಸುಳ್ಳನ್ನು ಕಿಯೋಜಿ ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

ನುಕುಯಿಯನ್ನು ಗಾಲಿಕುರ್ಚಿಯಲ್ಲಿ ಕಾರಿನ ಹಿಂಬದಿಗೆ ತಂದು ನಿಲ್ಲಿಸಿದ್ದರು. ಕಿಯೋಜಿ ಹೋಗಿ ತನ್ನ ಹೆಸರು ಹೇಳಿದ. ಮುದುಕ ಅವನ ಕೈ ಹುಡುಕಿ ಹಿಡಿದುಕೊಂಡ.

"ಬಂದ್ರಾ. ಒಂದು ನಿಮಿಷ ಇರಿ, ಮೊದಲು ಮಗಳನ್ನ ಮಾತಾಡಿಸ್ತೀನಿ."

ಕುರ್ಚಿ ತಳ್ಳುವವನಿಗೆ ಮೆಲ್ಲಗೆ ಸರಿಸು ಎಂದು, ಎಡ ಅಂಚಿನಿಂದ ಗೇಣು ಹಾಕುತ್ತ ಹೊರಟ. ತುಟಿ ಎಣಿಸುತ್ತಿತ್ತು. ಕಿಯೋಜಿಯ ಕೈ ಚೀಲದೊಳಗೆ ಮರವನ್ನು ಹಿಡಿದಿತ್ತು. ಏಳು. ಎಂಟು. ಒಂಬತ್ತು. ಕಿರುಬೆರಳು ನಿಂತ ಜಾಗದಿಂದ ಆಚೆ ಇನ್ನೂ ಅರ್ಧ ಗೇಣು ಕಾರು ಉಳಿದಿತ್ತು.

ನುಕುಯಿ ಅಲ್ಲೇ ತಡಕಿದ. ಮತ್ತೆ ಎಡದಿಂದ ಶುರುಮಾಡಿದ. ಮತ್ತೆ ಅಷ್ಟೇ ಉಳಿಯಿತು. ಆಮೇಲೆ ಅವನು ತನ್ನ ಬಲಗೈಯನ್ನು ಮುಖದ ಹತ್ತಿರ ತಂದು, ಕಾಣದ ಕಣ್ಣಿನಿಂದ, ಹಿಂದೆ ಮುಂದೆ ತಿರುಗಿಸಿದ.

"ಶಿರಾತೊರಿ-ಸಾನ್, ವಯಸ್ಸಾದ್ರೆ ಮನುಷ್ಯನ ಕೈ ಸಣ್ಣದಾಗುತ್ತಾ?"

ಹೇಳಬೇಕಿದ್ದ ಮಾತು ಬಾಯಿಯ ತನಕ ಬಂದಿತ್ತು. ಮುದುಕನ ಮುಖ ಹಬ್ಬದ ದಿನದಂತಿತ್ತು.

"ಆಗುತ್ತೆ," ಎಂದ ಕಿಯೋಜಿ. "ನಂದೂ ಆಗಿದೆ."

"ಅದೇ ಮತ್ತೆ." ನುಕುಯಿ ಅಂಗೈಯನ್ನು ಕೆಂಪು ಅಂಚಿನ ಮೇಲೆ ಹರವಿ ನಕ್ಕ. "ಕಣ್ಣು ಹೋಯ್ತು, ಈಗ ಕೈಯೂ ಹೋಯ್ತು. ಹೋಗ್ಲಿ ಬಿಡಿ, ಇವಳಾದ್ರೂ ಇದ್ದ ಹಾಗೇ ಇದಾಳಲ್ಲ."